ಅರವತ್ತು ರೂಪಾಯಿಯ ಜಾಡಿ

ನಾನು ಸುಲಭವಾಗಿ ದಂಗಾಗುವ ಮನುಷ್ಯನಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮೂವತ್ತು ವರ್ಷ ನಿಂತವನಿಗೆ ಗಾಬರಿಬೀಳಲು ಪುರಸೊತ್ತೇ ಇರುವುದಿಲ್ಲ. ಬೆಳಿಗ್ಗೆ ಒಂದು ಬೆಲೆ, ಮಧ್ಯಾಹ್ನ ಅದರ ಅರ್ಧ, ಸಂಜೆ ಆಲಿಕಲ್ಲು ಮಳೆ. ಎಲ್ಲವನ್ನೂ ಟೀ ಕುಡಿಯುತ್ತಲೇ ನೋಡಿದವನು ನಾನು. ಆದರೂ ನಿಮ್ಮಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಕಳೆದ ಸುಗ್ಗಿ ಹಬ್ಬದ ದಿನ ನಮ್ಮ ಚರ್ಚಿನ ಅಂಗಳದಲ್ಲಿ ಒಂದು ಜಾಡಿ ಮಾವಿನ ಉಪ್ಪಿನಕಾಯಿಯನ್ನು ಬರೀ ಅರವತ್ತು ರೂಪಾಯಿಗೆ ಕೊಂಡೆ. ಅಷ್ಟು ಅಗ್ಗಕ್ಕೆ ಸಿಕ್ಕಿತಲ್ಲ ಎಂದು ಮೈಯೆಲ್ಲ ಬೆವರಿದ್ದು, ಬದುಕಿನಲ್ಲಿ ಅದೊಂದೇ ಸಲ.

ನನ್ನ ಹೆಸರು ಜಯರಾಜ. ಮಂಡಿಯವರ ಬಾಯಲ್ಲಿ ಜೈರಾಜಣ್ಣ. ಅಪ್ಪ ಚರ್ಚಿನ ಗಂಟೆ ಹೊಡೆದುಕೊಂಡು, ಅಂಗಳ ಗುಡಿಸಿಕೊಂಡು ಬದುಕಿದವರು. ನನಗೆ ಬಿಟ್ಟುಹೋದದ್ದು ಒಂದು ಗಟ್ಟಿ ಗಂಟಲು ಮತ್ತು ಊಟಕ್ಕೆ ಮುಂಚೆ ಕಣ್ಣು ಮುಚ್ಚುವ ಅಭ್ಯಾಸ. ಮಿಕ್ಕಿದ್ದೆಲ್ಲ ಚೌಕಾಸಿಯಿಂದ ಬಂದದ್ದು. ಮನೆಯ ಇಟ್ಟಿಗೆ ಚೌಕಾಸಿಯದು, ಮದುವೆಯ ಬ್ಯಾಂಡು ಚೌಕಾಸಿಯದು. ಕೋಲಾರದ ಹಲ್ಲಿನ ಡಾಕ್ಟರ ಹತ್ತಿರ ಒಂದು ಹಲ್ಲಿನ ದರಕ್ಕೆ ಒಂದೂವರೆ ಹಲ್ಲು ಕೀಳಿಸಿಕೊಂಡು ಬಂದೆನೆಂದು ನನ್ನ ಹೆಂಡತಿ ಊರೆಲ್ಲ ಹೇಳಿಕೊಂಡು ನಗುತ್ತಾಳೆ. ಅದು ಸುಳ್ಳು. ಎರಡು ಹಲ್ಲು.

ಕೊಸರಿನ ವಿಷಯದಲ್ಲಂತೂ ನಾನು ಬಹಳ ನಿಷ್ಠಾವಂತ. ಅವರೆಕಾಯಿ ತೂಗಿಸಿದ ಮೇಲೆ ಮಾರುವವಳು ಒಂದು ಹಿಡಿ ಹೆಚ್ಚಿಗೆ ಹಾಕುವ ತನಕ ಚೀಲದ ಬಾಯಿ ಮುಚ್ಚುವವನಲ್ಲ. ನಾನು ಮಾರುವಾಗ ಮಾತ್ರ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತರೆ ವ್ಯಾಪಾರ ಮುಗಿಯಿತು. ಕೊಸರು ಗಿಸರು ಎಂದು ಯಾರಾದರೂ ಕೈ ಚಾಚಿದರೆ ನನಗೆ ಅಷ್ಟು ಹೊತ್ತು ಕಿವಿ ಕೇಳುವುದಿಲ್ಲ.

ನಿಮಗೂ ಒಂದು ಸಲಹೆ ಕೊಡುತ್ತೇನೆ, ಬಿಟ್ಟಿಯಾಗಿ. ಏನನ್ನಾದರೂ ಕೊಳ್ಳುವ ಮೊದಲು ಅದನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ತಂದು ಮುಖವನ್ನು ಒಂಚೂರು ಹುಳ್ಳಗೆ ಮಾಡಿ. ಬಾಯಿ ಬಿಡಬೇಡಿ. ಬರೀ ಮುಖ. ಮಾರುವವನ ಧೈರ್ಯ ಅಲ್ಲೇ ಕಾಲುಭಾಗ ಇಳಿದಿರುತ್ತದೆ, ಸುತ್ತ ನಿಂತ ಬೇರೆ ಗಿರಾಕಿಗಳದ್ದು ಅರ್ಧ. ಈ ಒಂದು ಮುಖದಿಂದ ನಾನು ಎರಡು ಅಂತಸ್ತು ಕಟ್ಟಿಸಿದ್ದೇನೆ. ಇದೇ ಮುಖ ನನ್ನನ್ನು ಚರ್ಚಿನ ಸಭೆಯ ಎದುರು ನಿಲ್ಲಿಸಿದ್ದನ್ನೂ ಮುಂದೆ ಹೇಳುತ್ತೇನೆ.

ಇನ್ನೊಂದು ನಮ್ಮ ಕಸುಬಿನ ವಿದ್ಯೆ, ಟವೆಲ್ಲಿನದು. ಮಂಡಿಯಲ್ಲಿ ದೊಡ್ಡ ವ್ಯಾಪಾರವನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದು ಮೇಲೊಂದು ಟವೆಲ್ ಹೊದಿಸಿಕೊಳ್ಳುತ್ತಾರೆ. ಒಳಗೆ ಒಂದು ಬೆರಳು ಹಿಡಿದರೆ ಒಂದು ಲೆಕ್ಕ, ಎರಡು ಹಿಡಿದರೆ ಎರಡು, ಅಂಗೈ ಪೂರ್ತಿ ಅದುಮಿದರೆ ಐದು. ಮೇಲೆ ಇಬ್ಬರೂ ಮಗಳ ಮದುವೆ, ಮಳೆ, ಮಂಡಿನೋವು ಎಂದು ಮಾತಾಡುತ್ತಿರುತ್ತಾರೆ. ಕೆಳಗೆ ಲಾರಿಗಟ್ಟಲೆ ಮಾವು ಕೈ ಬದಲಾಗುತ್ತಿರುತ್ತದೆ. ಟವೆಲ್ಲಿನ ಕೆಳಗೆ ನಡೆದದ್ದನ್ನು ಹೊರಗೆ ಆಡಿದವನಿಗೆ ಮಂಡಿಯಲ್ಲಿ ಆಮೇಲೆ ಯಾರೂ ಕೈ ಕೊಡುವುದಿಲ್ಲ. ಹೀಗಾಗಿ ನನ್ನ ಹೆಗಲ ಮೇಲೆ ಯಾವಾಗಲೂ ಒಂದು ಕೆಂಪಂಚಿನ ಟವೆಲ್ ಇರುತ್ತದೆ. ಭಾನುವಾರ ಆರಾಧನೆಗೂ ಅದನ್ನು ಹಾಕಿಕೊಂಡೇ ಹೋಗುತ್ತೇನೆ. ಬೆವರು ಒರೆಸಿಕೊಳ್ಳಲು ಎಂದು ಹೇಳುತ್ತೇನೆ.

ಇಷ್ಟೆಲ್ಲ ಸಂಪಾದಿಸಿದವನಿಗೆ ಒಂದು ಅನುಮಾನ ಮಾತ್ರ ಕಾಲಿನ ಮುಳ್ಳಿನಂತೆ ಇದ್ದೇ ಇತ್ತು. ಕ್ರೈಸ್ತನಾದವನು ಹೀಗೆ ಬೇಕು ಬೇಕು ಎನ್ನಬಹುದೆ? ಮೇಲೆ ಬರಬೇಕು, ನಾಲ್ಕು ಜನ ತಿರುಗಿ ನೋಡಬೇಕು ಎಂಬ ಆಸೆಗೂ ಶಿಲುಬೆಗೂ ಹೊಂದುತ್ತದೆಯೆ? ನಾನು ಇದನ್ನು ಕೇಳಬಾರದವರನ್ನೆಲ್ಲ ಕೇಳಿದ್ದೇನೆ. ಒಮ್ಮೆ ಮುಳಬಾಗಿಲಿನ ಹೆದ್ದಾರಿ ಪಕ್ಕದ ಬಯಲಿನಲ್ಲಿ ದೊಡ್ಡ ಪೆಂಡಾಲು ಹಾಕಿ ಆಶೀರ್ವಾದದ ಕೂಟ ನಡೆಸಿದರು. ನಂಗಲಿಯ ಕಡೆಯಿಂದ ಸರಕು ಇಳಿಸಿ ಬರುತ್ತಿದ್ದ ನಾನೂ ಹೋಗಿ ಕೂತೆ. ಬೆರಳಿಗೊಂದು ಉಂಗುರ ಹಾಕಿದ್ದ ಬೋಧಕರು, ದೇವರ ಹತ್ತಿರ ಕಾರು ಕೇಳುವಾಗ ಬಣ್ಣವನ್ನೂ ಸೇರಿಸಿ ಕೇಳಬೇಕು ಎಂದರು. ನಾನು ದಂಗಾಗಿ ಪಕ್ಕದವನನ್ನು ನೋಡಿದೆ. ಅವನು ಕಣ್ಣು ಮುಚ್ಚಿ "ಬಿಳೀದು, ಬಿಳೀದು" ಎನ್ನುತ್ತಿದ್ದ. ಆಮೇಲೆ ಅವರು, ಈಗ ಒಂದು ಕೊಟ್ಟರೆ ಕರ್ತನು ನೂರು ಕೊಡುತ್ತಾನೆ ಎಂದರು. ನನ್ನ ಭಕ್ತಿ ಅಲ್ಲಿಗೆ ನಿಂತು ವ್ಯಾಪಾರ ಎದ್ದು ಕೂತಿತು. ಒಂದಕ್ಕೆ ನೂರು ಕೊಡುತ್ತೇನೆ ಎನ್ನುವವರು ಸಿಕ್ಕಿದರೆ ಮೊದಲು ಚಪ್ಪಲಿ ಎಲ್ಲಿ ಬಿಟ್ಟಿದ್ದೀರಿ ಎಂದು ನೋಡಿಕೊಳ್ಳಿ. ನಾನು ನೋಡಿಕೊಂಡೆ, ಮೆಟ್ಟಿಕೊಂಡೆ, ಹೊರಟೆ.

ಇನ್ನೊಂದು ತುದಿಯಲ್ಲಿ ನಮ್ಮ ಭಾವ ಇದ್ದಾರೆ. ಸಮುವೇಲಪ್ಪ ಮೇಷ್ಟ್ರು, ನನ್ನ ಅಕ್ಕನ ಗಂಡ. ಪ್ರೈಮರಿ ಶಾಲೆಯಲ್ಲಿ ನಿವೃತ್ತರಾಗಿ, ಸಭೆಯ ಹಿರಿಯರಾಗಿ, ಎರಡು ಬಿಳಿ ಅಂಗಿಯಲ್ಲಿ ವರ್ಷ ಕಳೆಯುವವರು. ಸೂಜಿಯ ಕಣ್ಣಿನಲ್ಲಿ ಒಂಟೆ ನುಗ್ಗಿದರೂ ನುಗ್ಗೀತು, ಐಶ್ವರ್ಯವಂತ ಪರಲೋಕ ಸೇರುವುದು ಕಷ್ಟ ಎಂಬ ಯೇಸುಸ್ವಾಮಿಯ ಬೋಧನೆಯನ್ನು ನನ್ನ ಮುಖ ಕಂಡಾಗಲೆಲ್ಲ ನೆನೆಸಿಕೊಳ್ಳುತ್ತಾರೆ. ಒಮ್ಮೆ ನಾನು ತಮಾಷೆಗೆ, "ಭಾವ, ಸೂಜಿ ಸಣ್ಣದಾದ್ರೆ ಏನಂತೆ, ನಮ್ಮ ಮಂಡೀಲಿ ಗೋಣಿ ಹೊಲಿಯೋ ದಬ್ಬಳ ಐತೆ, ತಂದ್ಕೊಡ್ತೀನಿ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಒಂಟೆಗೆ ಅದನ್ನೂ ಬಾಡಿಗೆಗೆ ಕೊಡೋನು ಕಣಯ್ಯಾ ನೀನು" ಎಂದರು.

ನಾನೂ ವಾದ ಬಿಟ್ಟವನಲ್ಲ. ಸ್ವಾಮಿ ಬೋಧನೆಗೆ ಹೊರಡುವ ತನಕ ಬಡಗಿ ಕೆಲಸ ಮಾಡಿದರು ಎನ್ನುತ್ತಾರೆ. ಹಾಗಾದರೆ ನೇಗಿಲೋ ಬಾಗಿಲೋ ಮಾಡಿಸಿಕೊಳ್ಳಲು ಬಂದವನಿಗೆ ಬೆಲೆ ಹೇಳುತ್ತಿದ್ದವರು ಯಾರು? ನಜರೇತಿನವರು ಚೌಕಾಸಿ ಮಾಡದೆ ಬಿಟ್ಟಿರುತ್ತಾರೆಯೆ? ಶಿಷ್ಯರ ಬಲೆಗೆ ಒಮ್ಮೆ ನೂರೈವತ್ತಮೂರು ದೊಡ್ಡ ಮೀನು ಬಿದ್ದವಂತೆ. ಅಂಥ ಪವಾಡದ ಹೊತ್ತಿನಲ್ಲೂ ದಡದಲ್ಲಿ ಕೂತು ಒಂದೊಂದೇ ಮೀನು ಎಣಿಸಿದ ಪುಣ್ಯಾತ್ಮ ಒಬ್ಬನಿದ್ದಾನಲ್ಲ, ಅವನು ನಮ್ಮವನು. ಇದನ್ನು ಹೇಳಿದಾಗ ಭಾವ ನಗಲಿಲ್ಲ. ಆದರೆ ಒಂಟೆಯ ಮಾತು ಆ ದಿನ ಮುಂದುವರಿಯಲೂ ಇಲ್ಲ.

ಈ ವಾದ ಹರಟೆಯ ಮಟ್ಟದಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಅದು ಸುನೀತಾಳ ತಲೆಯ ಮೇಲೆ ಬಂತು. ಸುನೀತಾ ಭಾವನ ಒಬ್ಬಳೇ ಮಗಳು. ಅಕ್ಕ ತೀರಿಕೊಂಡ ಮೇಲೆ ಆ ಮನೆಯ ಒಲೆ ಹಚ್ಚುವವಳೂ ಅವಳೇ, ಅಪ್ಪನ ಕನ್ನಡಕ ಹುಡುಕುವವಳೂ ಅವಳೇ. ಆ ಹಬ್ಬಕ್ಕೆ ಮುಂಚಿನ ಬೇಸಿಗೆಯಲ್ಲಿ ನಾನು ಗೌನಿಪಲ್ಲಿಯ ತೋಟದಿಂದ ಕಳಿಸಿದ ಎರಡು ಮೂಟೆ ಕಾಯಿಯಲ್ಲಿ ಅಕ್ಕನ ಕೈಯಳತೆಯ ಉಪ್ಪಿನಕಾಯಿ ಹಾಕಿ ಶಾಲೆಯ ಟೀಚರುಗಳಿಗೆ ಮಾರಿದಳು. ಎತ್ತಿಟ್ಟುಕೊಂಡ ನಾಲ್ಕೈದು ಜಾಡಿ ಬಿಟ್ಟು ಎಲ್ಲ ಖಾಲಿಯಾಯಿತು. ಕಣ್ಣು ಮಿನುಗಿಸಿಕೊಂಡು ನನ್ನ ಹತ್ತಿರ ಬಂದಳು.

"ಮಾಮ, ಬಸ್ ಸ್ಟ್ಯಾಂಡ್ ಹತ್ರ ಒಂದು ಅಂಗಡಿ ಐತೆ. ಸಣ್ಣದು. ನಂಗೆ ಬೇಕು."

ಆ 'ನಂಗೆ ಬೇಕು' ಎಂಬ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಕೂತಲ್ಲೇ ಹತ್ತು ಸಲಹೆ ಕೊಟ್ಟೆ. ಗಾಜಿನ ಬಾಟಲಿ ತಗೋ. ಮೇಲೆ ಹಳದಿ ಲೇಬಲ್ ಹಾಕು. ಹೆಸರು ದೊಡ್ಡದಾಗಿರಲಿ. ಬಾಡಿಗೆ ಮಾತಾಡುವಾಗ ಮುಖ ಹುಳ್ಳಗಿರಲಿ.

ಭಾವ ಮಾತ್ರ ಆ 'ಬೇಕು' ಕೇಳಿ ಬೆಚ್ಚಿಬಿದ್ದರು. ಅವರು ಮಾಲೂರಿನ ಒಂದು ಹಾಸ್ಟೆಲಿನಲ್ಲಿ ಮಗಳಿಗೆ ಮೇಲ್ವಿಚಾರಕಿಯ ಕೆಲಸ ಮಾತಾಡಿಟ್ಟಿದ್ದರು. ಸಂಬಳ ಕಡಿಮೆ, ಮರ್ಯಾದೆ ಗಟ್ಟಿ, ಆಸೆಗೆ ಅಲ್ಲಿ ಜಾಗವೇ ಇಲ್ಲ. ಅಪ್ಪ ಮಗಳ ನಡುವೆ ಒಂದು ವಾರ ಮಾತಿಲ್ಲ. ಕೊನೆಗೆ ಮೇಷ್ಟ್ರು ಮೇಷ್ಟ್ರ ಹಾಗೆಯೇ ಒಂದು ಪರೀಕ್ಷೆ ಇಟ್ಟರು. ನಮ್ಮಲ್ಲಿ ಹೊಸ ಬೆಳೆಯ, ಹೊಸ ಕೆಲಸದ ಮೊದಲ ಫಲವನ್ನು ಸುಗ್ಗಿ ಹಬ್ಬದ ದಿನ ಚರ್ಚಿಗೆ ಅರ್ಪಿಸುತ್ತೇವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದೆಲ್ಲದರ ಹರಾಜು.

"ನಿನ್ನ ಉಪ್ಪಿನಕಾಯೀನೂ ಇಡು. ಸಭೆಯವರು ಅದಕ್ಕೆ ಮರ್ಯಾದೆಯ ಬೆಲೆ ಕೂಗಿದ್ರೆ ದೇವರ ಚಿತ್ತ ಅಂದ್ಕೊಂಡು ಅಂಗಡಿ ಹಾಕು. ಇಲ್ಲಾಂದ್ರೆ ಸೋಮವಾರ ಮಾಲೂರಿನ ಬಸ್ಸು ಹತ್ತು," ಎಂದರು. ಸೋಮವಾರವೇ ಅಂಗಡಿಯ ಮಾಲೀಕನಿಗೂ ಕೊನೆಯ ಮಾತು ಹೇಳಬೇಕಿತ್ತು.

ಸುನೀತಾ ಇದನ್ನು ಹೇಳಿದಾಗ ನಾನು ನಕ್ಕುಬಿಟ್ಟೆ. ಬೆಲೆಯಿಂದ ದೇವರ ಚಿತ್ತ ತಿಳಿಯುವುದಾದರೆ ಆ ಬೆಲೆ ಏರಿಸಲು ಮಾಮ ಇಲ್ಲವೆ? ನಮ್ಮ ಹರಾಜಿಗೆ ಊರಿನವರೂ ಬರುತ್ತಾರೆ. ನನ್ನ ಮಂಡಿಯ ಗೆಳೆಯರಾದ ಗೌನಿಪಲ್ಲಿಯ ವೆಂಕಟರಾಮರೆಡ್ಡಿ, ಪಕ್ಕದ ಮಂಡಿಯ ಚಾಂದ್ ಬಾಷಾ ಇಬ್ಬರೂ ಊಟಕ್ಕೂ ಹರಾಜಿಗೂ ತಪ್ಪಿಸಿಕೊಳ್ಳುವವರಲ್ಲ. ಇಬ್ಬರಿಗೂ ಮೊದಲೇ ಹೇಳಿಟ್ಟೆ. ಹಳದಿ ಲೇಬಲ್ಲಿನ ಬಾಟಲಿ ಮೇಜಿನ ಮೇಲೆ ಬಂದ ಕೂಡಲೇ ನೀವಿಬ್ಬರೂ ಪೈಪೋಟಿಯಲ್ಲಿ ಕೂಗುತ್ತಾ ಹೋಗಿ. ಐದು ಸಾವಿರಕ್ಕೆ ನಾನು ಮುಗಿಸುತ್ತೇನೆ. ರೆಡ್ಡಿ, "ಉಪ್ಪಿನಕಾಯಿಗೆ ಐದು ಸಾವಿರಾನಾ? ದೇವುಡಾ!" ಎಂದ. ದೇವರಿಗೂ ಸ್ವಲ್ಪ ಸಹಾಯ ಬೇಕಾಗುತ್ತದೆ ಎಂದು ಸಮಾಧಾನ ಹೇಳಿದೆ. ಹೀಗೆ ಹೇಳುವಾಗ ನನಗೆ ಒಂದಿಷ್ಟೂ ಅಳುಕಿರಲಿಲ್ಲ ಎಂಬುದನ್ನು ಈಗ ನೆನೆದರೆ ಗಾಬರಿಯಾಗುತ್ತದೆ.

ಹಬ್ಬದ ಭಾನುವಾರ ಬಂತು. ಚಳಿಗಾಲದ ಬಿಸಿಲು. ಅಂಗಳದ ಉದ್ದನೆಯ ಮೇಜಿನ ಮೇಲೆ ರಾಗಿಯ ತೆನೆಕಟ್ಟು, ಕುಂಬಳಕಾಯಿ, ಕಬ್ಬು, ಮೊಟ್ಟೆ, ಹುತ್ತೂರಿನವರೊಬ್ಬರು ತಂದ ಬಿಳಿ ರೇಷ್ಮೆಗೂಡಿನ ಬುಟ್ಟಿ, ಕಾಲು ಕಟ್ಟಿದ ನಾಲ್ಕು ಕೋಳಿ. ನಮ್ಮ ಸಭೆಯ ಅಯ್ಯನವರು, ಅಂದರೆ ಪಾದ್ರಿಗಳು, ತಾವೇ ಹರಾಜು ಕೂಗುತ್ತಾರೆ. ಆ ಹರಾಜು ಮಂಡಿಯವನಿಗೆ ತಲೆ ಕೆಡಿಸುವಂಥದ್ದು. ಅಲ್ಲಿ ಮೊಟ್ಟೆಯೊಂದಕ್ಕೆ ಇನ್ನೂರು ಕೂಗುತ್ತಾರೆ, ಕೊಂಡವನು ಅದನ್ನು ವಾಪಸ್ ಕೊಟ್ಟು ಮತ್ತೊಮ್ಮೆ ಹರಾಜು ಹಾಕಿ ಎನ್ನುತ್ತಾನೆ, ಅದೇ ಮೊಟ್ಟೆ ಇನ್ನೊಬ್ಬನಿಗೆ ಮುನ್ನೂರಕ್ಕೆ ಹೋಗುತ್ತದೆ. ಕೊಳ್ಳುವವನೇ ಬೆಲೆ ಏರಿಸಲು ಹಾತೊರೆಯುವ ಪೇಟೆಯನ್ನು ಬೇರೆ ಎಲ್ಲೂ ನಾನು ಕಂಡಿಲ್ಲ. ಪ್ರತಿ ವರ್ಷವೂ ನಾನು ಮನಸ್ಸನ್ನು ಕಟ್ಟಿಹಾಕಿಕೊಂಡೇ ಅಲ್ಲಿ ಕೂರುವುದು.

ಆ ವರ್ಷ ಕಟ್ಟಿಹಾಕಿಕೊಳ್ಳುವುದು ಮರೆತುಹೋಯಿತು. ಕಾರಣ ಹೇಳುತ್ತೇನೆ, ನೆಪವೆಂದು ತಿಳಿದರೂ ಸರಿ. ಮಾವಿನ ಕಾಲ ಮುಗಿದು ಮಂಡಿ ಬಾಗಿಲು ಹಾಕಿ ನಾಲ್ಕೈದು ತಿಂಗಳಾಗಿತ್ತು. ಕೈ ತುರಿಸುತ್ತಿತ್ತು. ಹಳದಿ ಲೇಬಲ್ಲು ಇನ್ನೂ ಕಾಣಿಸುತ್ತಿರಲಿಲ್ಲ. ಆಗ ಅಯ್ಯನವರು ಕಂದು ಕತ್ತಿನ ಒಂದು ಪಿಂಗಾಣಿ ಜಾಡಿ ಎತ್ತಿ ಹಿಡಿದರು. "ಉಪ್ಪಿನಕಾಯಿ. ಹೆಸರು ಕೊಟ್ಟಿಲ್ಲ. ಯಾರು ಕೂಗ್ತೀರಿ?" ಯಾರೋ ಐವತ್ತು ಎಂದರು.

ಜಾಡಿ ಕೈಯಿಂದ ಕೈಗೆ ಬಂತು. ನಾನು ಮುಚ್ಚಳ ಎತ್ತಿ, ಮೂಗಿನ ಹತ್ತಿರ ತಂದು, ಮುಖ ಹುಳ್ಳಗೆ ಮಾಡಿದೆ. ಮೂವತ್ತು ವರ್ಷದ ಮುಖ ಅದು, ನನ್ನ ಅಪ್ಪಣೆ ಕಾಯುವುದಿಲ್ಲ. ಹಿಂದಿನ ಸಾಲಿನವರು ಅಲ್ಲೇ ಕೈ ಇಳಿಸಿದರು. ಮಾವಿನ ವಿಷಯದಲ್ಲಿ ಜೈರಾಜಣ್ಣ ಮುಖ ಸಿಂಡರಿಸಿದ ಮೇಲೆ ಇನ್ನೇನು! ಆಮೇಲೆ ಜಾಡಿಯನ್ನು ಬಾಷಾನಿಗೆ ದಾಟಿಸುವ ನೆಪದಲ್ಲಿ ಟವೆಲ್ ಅಡ್ಡ ಹಾಕಿ ಅವನ ಮಣಿಕಟ್ಟು ಅದುಮಿದೆ, ಮಂಡಿಯಲ್ಲಿ ಅದರ ಅರ್ಥ: ನೀನು ಬೇಡ, ಇದು ನನಗಿರಲಿ. ಎಡಗಡೆ ರೆಡ್ಡಿಗೂ ಅದೇ ಅದುಮು. ಇಬ್ಬರೂ ಆಕಾಶ ನೋಡುತ್ತಾ ಕೂತರು. ನಾನು ಹತ್ತು ರೂಪಾಯಿ ಏರಿಸಿದೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಅರವತ್ತಕ್ಕೆ ಮುಗಿಯಿತು. ಬರೀ ಜಾಡಿಗೇ ಇನ್ನೂರು ಬಾಳುತ್ತಿತ್ತು. ನನಗೆ ಮೈಯಲ್ಲಿ ಹೊಸ ರಕ್ತ ಓಡಿದಂತಾಯಿತು. ಜಾಡಿಯನ್ನು ಕಾಲ ಬಳಿ ಇಟ್ಟುಕೊಂಡು ಹಳದಿ ಲೇಬಲ್ಲಿಗೆ ಕಾಯುತ್ತಾ ಕೂತೆ.

ಕಬ್ಬು ಹೋಯಿತು, ಕುಂಬಳಕಾಯಿ ಹೋಯಿತು, ಕೋಳಿಗಳು ಹೋದವು. ಮೇಜು ಬರಿದಾಯಿತು. ಬಾಟಲಿ ಬರಲಿಲ್ಲ.

ಸುನೀತಾ ಎಲ್ಲಿ ಎಂದು ಹೆಂಗಸರ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕಾಲ ಬಳಿ ನೋಡುತ್ತಿದ್ದಳು. ನಾನೂ ಬಗ್ಗಿ ನೋಡಿದೆ. ಜಾಡಿಯ ಮುಚ್ಚಳದ ಹಿಡಿ ಒಂದು ಕಡೆ ಒಡೆದಿತ್ತು. ಅದನ್ನು ಒಡೆದವನು ನಾನೇ. ಅಕ್ಕನ ಮನೆಯ ಅಟ್ಟದಿಂದ ಕದ್ದು ಇಳಿಸುವಾಗ, ಎಷ್ಟೋ ವರ್ಷಗಳ ಹಿಂದೆ. ಅಕ್ಕ ಅದನ್ನು ತೋರಿಸಿ ಸಾಯುವ ತನಕ ನನ್ನನ್ನು ಆಡಿಕೊಂಡಿದ್ದಳು.

ಕಾಯಿಯ ತೊಟ್ಟು ನೋಡಿ ಇದು ಯಾವ ತೋಟದ ಯಾವ ಮೂಲೆಯ ಮರದ್ದು ಎಂದು ಹೇಳುತ್ತೇನೆಂದು ಬೀಗುವವನು ನಾನು. ನನ್ನ ಅಕ್ಕನ ಜಾಡಿಯನ್ನೇ ಗುರುತು ಹಿಡಿಯದೆ, ಅವಳ ಕೈಯಳತೆಯ ವಾಸನೆಗೆ ಮುಖ ಹುಳ್ಳಗೆ ಮಾಡಿದ್ದೆ. ಆ ಹೊತ್ತಿಗೆ ಭಾವ ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, ಮಗಳಿಗೆ ಮೆಲ್ಲಗೆ ಹೇಳಿದರು: "ಆಯ್ತಲ್ಲಮ್ಮ. ಸಭೆ ಹೇಳಿತು. ನಡಿ." ಅವಳು ತಲೆಯಾಡಿಸಿ ಎದ್ದಳು. ಅಳಲೂ ಇಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಓದುಗರೇ, ಇಲ್ಲಿ ನನಗೆ ಎರಡು ದಾರಿ ಇದ್ದವು. ಸುಮ್ಮನೆ ಮನೆಗೆ ಹೋಗಿ ಸಂಜೆ ಭಾವನನ್ನು ಒಬ್ಬರನ್ನೇ ಹಿಡಿದು ಏನಾದರೂ ಮಾತಾಡಿ ಸರಿಮಾಡಬಹುದಿತ್ತು. ಅದು ಟವೆಲ್ಲಿನ ದಾರಿ. ನಾನು ಬದುಕಿದ್ದೆಲ್ಲ ಆ ದಾರಿಯಲ್ಲೇ. ಆದರೆ ಬೆಲೆ ಬಿದ್ದದ್ದು ನೂರೈವತ್ತು ಜನರ ಎದುರು. ಎಲ್ಲರೆದುರು ಇಳಿದ ಬೆಲೆಯನ್ನು ಮರೆಯಲ್ಲಿ ಏರಿಸಲಾಗುವುದಿಲ್ಲ, ಇದು ಮಂಡಿಯವನಿಗೆ ಚೆನ್ನಾಗಿ ಗೊತ್ತು. ಕಾಲು ತಾನಾಗಿಯೇ ಎದ್ದಿತು.

"ಅಯ್ಯನವರೇ, ಒಂದ್ನಿಮಿಷ," ಎಂದೆ. ಅಪ್ಪ ಬಿಟ್ಟುಹೋದ ಗಂಟಲು ಆವತ್ತು ಸಣ್ಣಗಾಗಿತ್ತು. "ಈ ಜಾಡೀದು ಸಭೆ ಕೂಗಿದ ಬೆಲೆ ಅಲ್ಲ. ನಾನು ಮುಖ ಕೆಡಿಸ್ಕೊಂಡು ಜನಾನ ಹೆದರಿಸ್ದೆ. ಟವೆಲ್ ಕೆಳಗೆ ಕೈ ಅದುಮಿ ಇವರಿಬ್ಬರನ್ನೂ ತಡೆದೆ. ದೇವರ ಚಿತ್ತ ಗಿತ್ತ ಏನಿಲ್ಲ ಇದರಲ್ಲಿ. ಬರೀ ನನ್ನ ಐದು ಬೆರಳು."

ನನ್ನ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ರೆಡ್ಡಿ ನನ್ನ ಪಂಚೆ ಎಳೆದು, "ಏಮಿ ಜೈರಾಜಣ್ಣ, ಟವೆಲ್ ಮಾತು ಹೊರಗೆ ಆಡ್ಬಿಟ್ಯಲ್ಲಾ!" ಎಂದು ಹಲ್ಲು ಕಚ್ಚಿದ. ಅವನ ಮುಖದಲ್ಲಿದ್ದ ಆಘಾತ ನನ್ನದಕ್ಕಿಂತ ದೊಡ್ಡದು. ಅವನ ಪ್ರಕಾರ ನಾನು ಆ ಹೊತ್ತಿನಲ್ಲಿ ಧರ್ಮಭ್ರಷ್ಟನಾಗಿದ್ದೆ.

ಇಷ್ಟಾದ ಮೇಲೆ ಐದು ಸಾವಿರದ ಪಿತೂರಿಯನ್ನೂ ಹೇಳಿಬಿಟ್ಟೆ. ಬಾಯಿ ತೆರೆದ ಮೇಲೆ ಅರ್ಧಕ್ಕೆ ನಿಲ್ಲಿಸುವುದು ನನಗೆ ಬಾರದ ವಿದ್ಯೆ. ಅಯ್ಯನವರು ಸ್ವಲ್ಪ ಹೊತ್ತು ನೆಲ ನೋಡಿದರು. ಅವರ ಭುಜ ಅಲುಗುತ್ತಿತ್ತು. ಕೋಪ ಅಂದುಕೊಂಡೆ, ನಗುತ್ತಿದ್ದರು.

"ಜಾಡಿ ಮೇಜಿನ ಮೇಲಿಡಿ. ಮತ್ತೆ ಕೂಗೋಣ. ಈ ಸಲ ಮೊದಲು ಎಲ್ಲರೂ ರುಚಿ ನೋಡ್ಲಿ. ಮತ್ತೆ ಜೈರಾಜಣ್ಣ, ನಿಮ್ಮ ಎರಡೂ ಕೈ ತಲೆ ಮೇಲಿರ್ಲಿ. ಆ ಟವೆಲ್ ಇತ್ಲಾಗೆ ಕೊಡಿ."

ಐವತ್ತೆಂಟು ವರ್ಷದ ನಾನು, ಪಾಠ ಒಪ್ಪಿಸಲಾಗದ ಮಕ್ಕಳಂತೆ ಎರಡು ಕೈ ತಲೆಯ ಮೇಲಿಟ್ಟುಕೊಂಡು ಕೂತೆ. ಸುನೀತಾ ಜಾಡಿ ತೆರೆದು ಬಾಳೆ ಎಲೆಯ ಚೂರುಗಳಲ್ಲಿ ಒಂದೊಂದು ಹೋಳು ಹಂಚಿದಳು. ನನಗೂ ಬಂತು. ಕೈ ತಲೆಯ ಮೇಲಿದ್ದುದರಿಂದ ಅವಳೇ ಬಾಯಿಗೆ ಇಟ್ಟಳು. ಸಾಸಿವೆಯ ಖಾರ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು ಎಂದು ಪಕ್ಕದವರಿಗೆ ಹೇಳಿದೆ.

ಆಮೇಲೆ ನಡೆದದ್ದು ನಾನು ಇಡೀ ಬದುಕಿನಲ್ಲಿ ಕಾಣದ ಹರಾಜು. ಹಿಂದಿನ ಸಾಲಿನವರು ನೂರರಿಂದ ಶುರು ಮಾಡಿ ನಾನೂರಕ್ಕೆ ಬಂದರು. ಅಲ್ಲಿಂದ ಮುಂದೆ ರೆಡ್ಡಿ, ಬಾಷಾ ಇಬ್ಬರೇ. ಇಪ್ಪತ್ತು ವರ್ಷ ಒಂದೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಒಬ್ಬರ ಎದುರು ಒಬ್ಬರು ಕೂಗದೆ ಬದುಕಿದವರು, ನಡು ಬಿಸಿಲಲ್ಲಿ ಎದ್ದು ನಿಂತು ಬಾಯಿಬಿಟ್ಟು ಕೂಗಾಡಿದರು.

"ಲೇ ರೆಡ್ಡಿ, ನಿಂಗೆ ಬಿಪಿ ಐತೆ, ಉಪ್ಪಿನಕಾಯಿ ತಿನ್ಬಾರ್ದು, ಕೂತ್ಕೊಳೋ!"

"ನಂಗಲ್ಲಲೇ, ನಮ್ಮ ಅಮ್ಮಂಗೆ! ಎಂಟುನೂರು!"

ಎಂಟುನೂರೈವತ್ತಕ್ಕೆ ಜಾಡಿ ರೆಡ್ಡಿಯ ಪಾಲಾಯಿತು. ಬಾಷಾ ಮುಖ ಊದಿಸಿಕೊಂಡು ಸುನೀತಾಳ ಹತ್ತಿರ ಹೋಗಿ, "ಇನ್ನೊಂದು ಜಾಡಿ ಐತೇನಮ್ಮಾ ಮಗಳೇ? ಇವನಿಗಿಂತ ದೊಡ್ಡದು?" ಎಂದು ಕೇಳಿದ. ನಾನು ಹೇಳಿಕೊಟ್ಟಿರಲಿಲ್ಲ. ಕೈ ತಲೆಯ ಮೇಲಿತ್ತಲ್ಲ!

ಅಲ್ಲಿಗೆ ಮುಗಿಯಿತೆಂದು ನಾನು ಕೈ ಇಳಿಸಿದರೆ, ಅಯ್ಯನವರು ನನ್ನ ಕೆಂಪಂಚಿನ ಟವೆಲ್ಲನ್ನು ಎತ್ತಿ ಹಿಡಿದರು. "ಕೊನೆಯ ವಸ್ತು. ಬಹಳ ಕೆಲಸ ಮಾಡಿದ ಟವೆಲ್. ಯಾರು ಕೂಗ್ತೀರಿ?" ಟವೆಲ್ಲಿಲ್ಲದ ಹೆಗಲು ನನಗೆ ಬೇರೆಯವರ ಹೆಗಲಿನಂತೆ ಅನಿಸುತ್ತಿತ್ತು, ಐವತ್ತು ಎಂದೆ. ಇಡೀ ಸಭೆ ನನ್ನ ಮೇಲೆ ಬಿತ್ತು. ನಾನು ಒಂದು ಹೇಳಿದರೆ ಹೆಂಗಸರ ಕಡೆಯಿಂದ ಎರಡು ಬರುತ್ತಿತ್ತು, ಅದರಲ್ಲಿ ನನ್ನ ಹೆಂಡತಿಯ ದನಿಯೂ ಇತ್ತು. ನನ್ನದೇ ಹಳೆಯ ಟವೆಲ್ಲನ್ನು ಸಾವಿರದ ಇನ್ನೂರಕ್ಕೆ ಬಿಡಿಸಿಕೊಂಡು ಬಂದೆ. ಉಪ್ಪಿನಕಾಯಿಗಿಂತ ಅದೇ ದುಬಾರಿಯಾಯಿತು.

ಊಟಕ್ಕೆ ಭಾವನ ಪಕ್ಕ ಕೂತೆ. ಅವರು ಅವರೆಕಾಳು ಸಾರಿನಲ್ಲಿ ಮುದ್ದೆ ಅದ್ದುತ್ತಿದ್ದರು. ಕೇಳದೆ ಇರಲಾಗಲಿಲ್ಲ.

"ಸುನೀತಾ ನಂಗ್ಯಾಕೆ ಹೇಳ್ಲಿಲ್ಲ, ಬಾಟಲಿ ಅಲ್ಲ, ಜಾಡಿ ಅಂತ?"

"ನಾನೇ ಬೇಡ ಅಂದಿದ್ದೆ. ಹೆಸರು ಹಾಕ್ಬೇಡ, ನಿಮ್ಮ ಮಾಮಂಗೆ ಮಾತ್ರ ಹೇಳ್ಬೇಡ ಅಂತ. ನಿನ್ನ ಬುದ್ಧಿ ನಂಗೆ ಗೊತ್ತಿಲ್ವೇನಯ್ಯಾ? ಐದು ಸಾವಿರ ಬಂದಿದ್ರೆ ಅದು ನಿನ್ನ ಕೈ ಅಂತ ಆಗ್ಲೇ ಗೊತ್ತಾಗೋದು. ನಾಳೆ ಬಸ್ಸು ಹತ್ತಿಸ್ತಿದ್ದೆ."

ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಎಲೆಗೆ ವಾಪಸ್ ಇಟ್ಟೆ. ಅಂದರೆ ನನ್ನ ಸಹಾಯ ಗೆದ್ದಿದ್ದರೂ ಆ ಹುಡುಗಿ ಸೋಲುತ್ತಿದ್ದಳು.

"ಅರವತ್ತು ಬಂದಾಗ?"

"ಅದೂ ನಿನ್ನ ಕೈಯೇ ಅಂತ ಗೊತ್ತಾಯ್ತು. ಆ ಮುಖ ನಾನೂ ನೋಡ್ದೆ. ಬಾಯಿ ಬಿಡ್ತೀಯೋ ಇಲ್ವೋ ಅಂತ ಕಾಯ್ತಿದ್ದೆ."

"ಬಾಯಿ ಬಿಡದೆ ಇದ್ದಿದ್ರೆ?"

ಭಾವ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಮುದ್ದೆ ಮುರಿಯುತ್ತಾ, "ಅವಳಿಗೆ ಬೇಕು ಅನ್ನೋದು ತಪ್ಪು ಅಂದ್ಕೊಂಡಿದ್ದೆ. ಹೆಸರಿಲ್ಲದೆ ಇಡು ಅಂದ್ರೆ ಇಟ್ಳು, ಬಿದ್ದುಹೋಯ್ತು ಅಂದ್ರೆ ಸುಮ್ನೆ ಎದ್ಳು. ಅಷ್ಟು ಗಟ್ಟಿಯಾಗಿ ಬೇಕು ಅಂದ್ಕೊಂಡು, ಅಷ್ಟು ಸಲೀಸಾಗಿ ಬಿಡೋಳಿಗೆ ದುಡ್ಡು ಏನು ಮಾಡುತ್ತೆ?" ಎಂದರು. 'ನಿನಗೆ ಮಾಡುತ್ತೆ' ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಮೇಷ್ಟ್ರಲ್ಲವೆ, ಅಷ್ಟನ್ನು ನನಗೇ ಬಿಟ್ಟರು.

ಸೋಮವಾರ ಸುನೀತಾ ಅಂಗಡಿಯ ಮಾತು ಮುಗಿಸಿದಳು. ಬಾಡಿಗೆಗೆ ನಾನು ಬರುತ್ತೇನೆಂದರೂ ಬೇಡ ಎಂದಳು. ಎಷ್ಟಕ್ಕೆ ಒಪ್ಪಿದೆ ಎಂದು ಕೇಳಿ ಮತ್ತೆ ದಂಗಾದೆ. ನಾನಾಗಿದ್ದರೆ ಅದಕ್ಕಿಂತ ಹೆಚ್ಚು ಕೊಟ್ಟು ಬಂದಿರುತ್ತಿದ್ದೆ. ಮುಖ ಹುಳ್ಳಗೆ ಮಾಡಿದೆಯಾ ಎಂದು ಕೇಳಿದೆ. "ಇಲ್ಲ ಮಾಮ, ನಂಗೆ ಇಷ್ಟೇ ಆಗೋದು ಅಂತ ಹೇಳ್ದೆ. ಒಪ್ಕೊಂಡ್ರು," ಎಂದಳು. ನನಗೆ ಇದು ಈಗಲೂ ಅರ್ಥವಾಗಿಲ್ಲ.

ಅಂಗಡಿ ತೆರೆದ ಮೊದಲ ವಾರ ನಾನೂ ಹೋದೆ. ಮನೆಗೆ ಒಂದು ಬಾಟಲಿ ಬೇಕಿತ್ತು. ಹಳದಿ ಲೇಬಲ್ ಹಾಕಿದ್ದಳು, ಹೆಸರು ಮಾತ್ರ ಸಣ್ಣದು. ಬೆಲೆ ನೋಡಿ ಅಭ್ಯಾಸಬಲದಿಂದ ಟವೆಲ್ ಹೆಗಲಿನಿಂದ ಇಳಿಯಿತು, ಕೈ ಮುಂದೆ ಹೋಯಿತು. ಅವಳು ತನ್ನ ಕೈಯನ್ನು ಗಲ್ಲಾಪೆಟ್ಟಿಗೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಅಂಗೈ ಮೇಲೆ ಮಾಡಿ ಇಟ್ಟಳು. ನಗುತ್ತಾ ನಿಂತಳು. ಬದುಕಿನಲ್ಲಿ ಮೊದಲ ಸಲ ಬರೆದ ಬೆಲೆಯನ್ನು ಬರೆದಷ್ಟೇ ಆ ಅಂಗೈಯಲ್ಲಿಟ್ಟೆ. ನಾನು ಬೆಚ್ಚಿದಷ್ಟು ನನ್ನ ದುಡ್ಡೂ ಬೆಚ್ಚಿರಬೇಕು.

ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಟವನನ್ನು ಅವಳೇ ಕೂಗಿ ನಿಲ್ಲಿಸಿದಳು. ದೊಡ್ಡ ಜಾಡಿಗೆ ಸೌಟು ಹಾಕಿ ಎಲೆಯಲ್ಲಿ ನಾಲ್ಕು ಹೋಳು ಕಟ್ಟಿ ಕೈಗಿಟ್ಟಳು. "ಕೊಸರು ಮಾಮ," ಎಂದಳು. ನಾನು ಕೇಳಿರಲಿಲ್ಲ. ಕೇಳುವಂಥ ಮುಖವೂ ನನಗೆ ಉಳಿದಿರಲಿಲ್ಲ.

ಕೃಪೆ, ಕೃಪೆ ಎಂದು ಅಯ್ಯನವರು ಭಾನುವಾರವಿಡೀ ಹೇಳುವಾಗ ಅದು ಎಂಥ ಸರಕು, ಯಾವ ಅಳತೆಯಲ್ಲಿ ಸಿಗುತ್ತದೆ ಎಂದು ನನಗೆ ಐವತ್ತೆಂಟು ವರ್ಷ ಗೊತ್ತಾಗಿರಲಿಲ್ಲ. ಆವತ್ತು ಬಸ್ ಸ್ಟ್ಯಾಂಡಿನ ಗಲಾಟೆಯ ನಡುವೆ, ಎಲೆಯಿಂದ ಎಣ್ಣೆ ಬೆರಳಿಗೆ ಸೋರುತ್ತಿದ್ದಾಗ ಗೊತ್ತಾಯಿತು. ಮುಂದಿನ ಬೇಸಿಗೆಗೆ ಮಂಡಿ ತೆರೆದ ದಿನ, ಮೊದಲ ಗಿರಾಕಿಗೆ ತೂಕ ಹಾಕಿ ಮುಗಿದ ಮೇಲೆ ಎರಡು ಹಣ್ಣು ಹೆಚ್ಚಿಗೆ ಇಟ್ಟೆ. ಅವನು ಅನುಮಾನದಿಂದ ಹಣ್ಣನ್ನು ಎತ್ತಿ, ಮೂಗಿನ ಹತ್ತಿರ ತಂದು, ಮುಖ ಹುಳ್ಳಗೆ ಮಾಡಿ ನನ್ನನ್ನೇ ನೋಡಿದ.